ಒಂದೆಳೆ ಹೆಚ್ಚು ಹತ್ತಿ

ಫೆಬ್ರವರಿ 9, ಭಾನುವಾರ

ವೇಪ್‌ಗೆ, ಸಿಗರೇಟಿನ ಬದಲು ಹಬೆ ಎಳೆಯುವ ಆ ಕೊಳವೆಗೆ, ಕಾಯಿಲ್ ಕಟ್ಟುವ ದಿನ. ಅಡುಗೆಮನೆ ಮೇಜಿಗೆ ಹಳೇ ಟವೆಲ್ ಹಾಸಿ ಕೂತೆ. ತಂತಿ, ಕತ್ತರಿ, ಚಿಮಟ, ಹತ್ತಿ. ಎದುರಿಗೆ ನೊರೀನ್, ಕೈಗಳನ್ನು ಮಡಿಲಲ್ಲಿಟ್ಟುಕೊಂಡು. ಅಕ್ಕನಾಗಿ ಹುಟ್ಟಿದವಳು, ಈಗ ಮನೆಯ ಕೂಸು.

ಸಂಧಿವಾತ ಅವಳ ಬೆರಳುಗಳನ್ನೆಲ್ಲ ಒಂದೇ ಕಡೆಗೆ ತಿರುಚಿದೆ. ಈ ಗಣಿಯೂರು ಬ್ರೋಕನ್ ಹಿಲ್‌ನ ಅರ್ಧದಷ್ಟು ಹೆಂಗಸರ ಕೂದಲು ಕತ್ತರಿಸಿದ ಕೈ. ಈಗ ಜಾಮ್ ಬಾಟಲಿ ಮುಚ್ಚಳಕ್ಕೂ ನನ್ನನ್ನೇ ಕೂಗಬೇಕು. ವೇಪ್ ಅಂಗಡಿ ಮುಚ್ಚಿದ ಮೇಲೆ ಸಿದ್ಧ ಕಾಯಿಲ್ ಸಿಗುವುದಿಲ್ಲ. ನಾನು ಕಟ್ಟಿಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಇದು ಇಬ್ಬರಿಗೂ ಗೊತ್ತಿದೆ. ನನಗೆ ಸ್ವಲ್ಪ ಹೆಚ್ಚು ಗೊತ್ತಿದೆ.

ತಂತಿಯನ್ನು ಕಡ್ಡಿಗೆ ಸುತ್ತಿದೆ, ಎರಡು ತುದಿಯನ್ನೂ ವೇಪ್‌ನ ಸ್ಕ್ರೂಗೆ ಬಿಗಿದೆ, ಗುಂಡಿ ಒತ್ತಿ ಕೆಂಪಗೆ ಕಾಯಿಸಿದೆ. ನಡುವಿನಿಂದ ಕೆಂಪಾಗಿ ಅಂಚಿಗೆ ಹರಡಿತು. ಚೆಂದ. ಆಮೇಲೆ ಸುರುಳಿಯೊಳಗೆ ಹತ್ತಿ.

“ಏನೇ, ಗಡಿಯಾರ ರಿಪೇರಿ ಮಾಡ್ತಿದೀಯಾ? ನನ್ನ ಪ್ರಾಣ ಹೋಗೋದ್ರೊಳಗೆ ಕೊಡ್ತೀಯೋ ಇಲ್ವೋ?”

“ಪ್ರಾಣ ಹೋದ್ರೆ ಹತ್ತಿ ಉಳೀತು ಅಂದ್ಕೋತೀನಿ.”

ನಕ್ಕಳು. ಮೊದಲ ದಮ್ಮು ಕಟ್ಟಿದವಳದು, ಈ ಮನೆಯ ನಿಯಮ. ಎಳೆದೆ, ಸರಿಯಾಗಿತ್ತು, ಕೊಟ್ಟೆ. ಮೂರನೇ ದಮ್ಮಿಗೆ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು ಅವಳಿಗೆ. ಸುಟ್ಟ ಹತ್ತಿ. ಹೊಸ ಪೊಟ್ಟಣದ ಎಳೆ ನೆನೆದರೆ ಉಬ್ಬುತ್ತದೆ. ಹಳೆಯ ಅಳತೆಗೇ ತುಂಬಿಬಿಟ್ಟಿದ್ದೆ. ಬಿಗಿಯಾದರೆ ನಿಕೋಟಿನ್ ಜ್ಯೂಸ್ ಏರುವುದಿಲ್ಲ, ಒಣಹತ್ತಿ ಉರಿದು ಗಂಟಲು ಸುಡುತ್ತದೆ. ಕಟ್ಟುವವರೆಲ್ಲ ಒಮ್ಮೆಯಾದರೂ ಮಾಡುವ ತಪ್ಪು. ಬಿಚ್ಚಿ ಮತ್ತೆ ಕಟ್ಟಿದೆ.

ಆದರೆ ಆ ಹೊತ್ತಿನಲ್ಲಿ ಅವಳು ಕಿಟಕಿಯಾಚೆ ನೋಡಿದಳು. ಎದುರುಮನೆ ವ್ಲಾಡೊ ವರಾಂಡದಲ್ಲಿ ಕೂತು ತಂಬಾಕು ಸುರುಳಿ ಸುತ್ತುತ್ತಿದ್ದ. ಆ ನೋಟ ನಾನು ಬಲ್ಲೆ. ಸಿಗರೇಟು ಬಿಡಿಸಲು ನಾನು ಪಟ್ಟ ಪಾಡು ದೇವರಿಗೇ ಗೊತ್ತು.

ಫೆಬ್ರವರಿ 11, ಮಂಗಳವಾರ

ಧೂಳು. ಒಗೆದ ಬಟ್ಟೆಯೆಲ್ಲ ಕೆಂಪು.

ಅಡಿಲೇಡ್‌ನಿಂದ ಕಿರಿಲಿಯ ಫೋನ್. ನೊರೀನ್‌ಳ ಮಗಳು. ಅವಳ ಕೂಸು ಟಲಿ ತಿಂಗಳು ತುಂಬುವ ಮೊದಲೇ ಹುಟ್ಟಿ, ಈಗಲೂ ಮೂಗಿಗೆ ಆಮ್ಲಜನಕದ ನಳಿಗೆ. ಕಿರಿಲಿ ಕೆಲಸಕ್ಕೆ ಮರಳಬೇಕಂತೆ. ಅಮ್ಮ ಬಂದು ಇದ್ದುಬಿಡಲಿ ಅಂತೆ. ಹಿಂದಿನ ಕೋಣೆಗೆ ಬಣ್ಣ ಬಳಿದಾಗಿದೆ.

“ಇದ್ದುಬಿಡೋದು ಅಂದ್ರೆ?” ನೊರೀನ್‌ಳನ್ನು ಕೇಳಿದೆ.

“ಅಂದ್ರೆ ಇದ್ದುಬಿಡೋದು ಕಣೇ. ಮಾರ್ಚ್ ಒಂದಕ್ಕೆ ಟ್ರೆಂಟ್ ಬರ್ತಾನೆ, ಕರ್ಕೊಂಡು ಹೋಗೋಕೆ. ಅಳಿಯ ಅಂದ್ರೆ ಅವನು ನೋಡು.” ಮುಖ ಅರಳಿತ್ತು. “ಒಂದೇ ಷರತ್ತು. ವೇಪ್ ಹಿತ್ತಲಲ್ಲಿ ಎಳೀಬಹುದು. ಸಿಗರೇಟು ಮಾತ್ರ ಮುಟ್ಟೋ ಹಾಗಿಲ್ಲ. ಬಟ್ಟೇಲಿ ವಾಸನೆ ಇದ್ರೂ ಕೂಸಿಗೆ ಆಗಲ್ವಂತೆ, ಡಾಕ್ಟರ್ ಹೇಳಿದಾರೆ.”

“ಕಾಯಿಲ್ ಯಾರು ಕಟ್ತಾರೆ ಅಲ್ಲಿ?”

“ಟ್ರೆಂಟ್ ಕಲೀತಾನಂತೆ. ನೀನು ಒಂದ್ಸಲ ತೋರಿಸಿದ್ರೆ ಸಾಕು.”

ಒಂದ್ಸಲ ತೋರಿಸಿದರೆ ಸಾಕು. ನನ್ನ ಗಂಡ ಸತ್ತ ಮೇಲೆ ಈ ಮನೆಯಲ್ಲಿ ನನಗೆ ಬೇರೆ ದನಿ ಇಲ್ಲ. ರೇಡಿಯೋ ಬಿಟ್ಟರೆ ಅವಳು. ನಾನೇನಾಗಬೇಕು ಎಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ. ಹಂದಿಮಾಂಸದ ಚಾಪ್ಸ್ ಹುರಿದೆ. ಅವಳದು ಸ್ವಲ್ಪ ಸೀದುಹೋಯಿತು.

ಫೆಬ್ರವರಿ 16, ಭಾನುವಾರ

ಕಾಯಿಲ್ ದಿನ.

ಈ ಸಲ ಅಳತೆ ಗೊತ್ತಿತ್ತು. ಎಷ್ಟು ಎಳೆದರೆ ಹತ್ತಿ ಹಗುರಾಗಿ ಜಾರಬೇಕು, ಎಲ್ಲಿ ತಡೆದರೆ ಬಿಗಿ ಎಂದು ಬೆರಳಿಗೇ ಗೊತ್ತು. ಒಂದೆಳೆ ಹೆಚ್ಚು ಹಾಕಿದೆ. ಮೇಲಿನಿಂದ ನೋಡಿದರೆ ಕಾಣುವುದಿಲ್ಲ. ತುದಿಗಳನ್ನು ನೀಟಾಗಿ ಕತ್ತರಿಸಿ ಮಡಚಿಟ್ಟೆ, ಹತ್ತಿಗೆ ಪುದೀನಾ ಜ್ಯೂಸ್ ಕುಡಿಸಿದೆ.

ಮೊದಲ ದಮ್ಮು ನಾನೇ ಎಳೆಯಬೇಕಲ್ಲ. ಬಾಯಿಗಿಟ್ಟೆ, ಗುಂಡಿ ಒತ್ತಲಿಲ್ಲ, ಸುಮ್ಮನೆ ಗಾಳಿ ಎಳೆದೆ. “ಹೂಂ, ಸರಿಯಾಗಿದೆ” ಅಂದೆ. ನೊರೀನ್ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಕೈ ಚಾಚಿದಳು.

ಸಂಜೆಯೊಳಗೆ ಮೂರು ಸಲ ಕೆಮ್ಮಿದಳು. ಹೊಸ ಹತ್ತಿಯನ್ನು ಬೈದೆ. ಪೊಟ್ಟಣ ಮಾಡಿದವನ ವಂಶವನ್ನೆಲ್ಲ ಬೈದೆ. ಅವಳೂ ಜೊತೆಗೆ ಬೈದಳು. ಚೆನ್ನಾಗಿತ್ತು, ಇಬ್ಬರೂ ಸೇರಿ ಬೈಯುವುದು.

ಫೆಬ್ರವರಿ 18, ಮಂಗಳವಾರ

ಮತ್ತೆ ಕಟ್ಟಿಕೊಡು ಅಂದಳು. ಕಟ್ಟಿಕೊಟ್ಟೆ. ಎರಡೆಳೆ.

ಮಧ್ಯಾಹ್ನ ವರಾಂಡಕ್ಕೆ ಹೋದಳು. ಗಾಳಿಗೆ ಅಂದಳು. ವ್ಲಾಡೊನ ಜೊತೆ ಮಾತು. ಅವನ ನಗು ಬೀದಿಯುದ್ದಕ್ಕೂ ಕೇಳುತ್ತದೆ, ಗಣಿಯಲ್ಲಿ ಕಿವಿ ಕಳೆದುಕೊಂಡವರೆಲ್ಲ ಹಾಗೇ ನಗುತ್ತಾರೆ. ವಾಪಸ್ ಬಂದವಳು ನೇರ ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದಳು.

ನಾನು ಟಿವಿ ನೋಡುತ್ತಿದ್ದೆ. ಸಂತೋಷವಾಯಿತು. ಸುಳ್ಳು ಯಾಕೆ ಬರೆಯಲಿ, ಯಾರು ಓದುತ್ತಾರೆ ಇದನ್ನ.

ಫೆಬ್ರವರಿ 23, ಭಾನುವಾರ

ಕಾಯಿಲ್ ಬೇಕೇ ಎಂದೆ. “ಇರಲಿ, ಇದೇ ನಡೀತಾ ಇದೆ” ಅಂದಳು. ವೇಪ್ ಮೂರು ದಿನದಿಂದ ಫ್ರಿಜ್ ಮೇಲೆ ಒಂದೇ ಜಾಗದಲ್ಲಿದೆ.

ನನ್ನ ವೇಪ್‌ಗೆ ಹೊಸ ಹತ್ತಿ ಹಾಕಿದೆ. ಅಳತೆಗೆ ಸರಿಯಾಗಿ. ಅವಳ ಎದುರೇ ಎಳೆದೆ, ಮೋಡದಂತೆ ಬಿಟ್ಟೆ.

“ನಿಂದು ಚೆನ್ನಾಗಿ ಬರುತ್ತೆ” ಅಂದಳು. ಅಷ್ಟೇ.

ಸೂಟ್‌ಕೇಸ್ ತುಂಬುತ್ತಿದ್ದಾಳೆ. ಕೂಸಿಗೆ ಹೆಣೆಸಿದ ಟೊಪ್ಪಿ ಮೇಲಿದೆ. ತನ್ನ ಕೈಲಾಗದೆ ಚರ್ಚಿನ ಮುದುಕಿಯಿಂದ ಹೆಣೆಸಿದ್ದು. ಹಳದಿ. ಟೊಪ್ಪಿಗೂ ಆಗಲೇ ತಂಬಾಕಿನ ವಾಸನೆ. ಅವಳಿಗೆ ಬರುವುದಿಲ್ಲ, ಸೇದುವವರ ಮೂಗು ಸತ್ತಿರುತ್ತದೆ. ಹೇಳಬಹುದಿತ್ತು, ಒಗೆದುಕೊಡಬಹುದಿತ್ತು.

ಮಾರ್ಚ್ 1, ಶನಿವಾರ

ಟ್ರೆಂಟ್ ಬಂದ. ಒಳ್ಳೆಯ ಹುಡುಗ, ಬುದ್ಧಿ ಸ್ವಲ್ಪ ನಿಧಾನ. ಯೂಟ್ ಟ್ರಕ್ಕಿನ ಮುಂದಿನ ಸೀಟಿಗೆ ಅತ್ತೆಗೆಂದು ದಿಂಬು ಕಟ್ಟಿಕೊಂಡು ಬಂದಿದ್ದ. ತುರಿದ ಚೀಸ್, ಕ್ಯಾರೆಟ್ ಕಲಸಿದ ನಮ್ಮೂರ ಚೀಸ್ ಸ್ಲಾ ಹಾಕಿ ಸ್ಯಾಂಡ್‌ವಿಚ್ ಮಾಡಿಕೊಟ್ಟೆ. ತಿನ್ನುತ್ತ ಗೋಡೆ ಕಡೆ ಮೂಗು ತಿರುಗಿಸಿದ. ಆಮೇಲೆ ಪರದೆ ಕಡೆ. ಅತ್ತೆಯನ್ನು ತಬ್ಬಿಕೊಂಡು, ಅವಳ ತಲೆಗೂದಲ ಮೇಲೆ ಮುಖವಿಟ್ಟವನು ಹಾಗೇ ನಿಂತುಬಿಟ್ಟ.

ಹೊರಗೆ ಹೋಗಿ ಫೋನ್ ಮಾಡಿದ. ಒಳಗೆ ತಂದು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ. ಕಿರಿಲಿಯ ದನಿ.

“ಅಮ್ಮಾ, ಸೇದಿದ್ಯಾ?”

“ಇಲ್ಲ ಕಂದಾ. ಎದುರುಮನೆ ವ್ಲಾಡೊ ಸೇದ್ತಾನೆ, ಅದೇ ಗಾಳಿಗೆ…”

“ಟ್ರೆಂಟ್?”

ಅವನು ಸ್ಯಾಂಡ್‌ವಿಚ್ ನೋಡಿದ.

“ಚಿಕ್ಕಮ್ಮ, ನೀನು ಹೇಳು. ಅಮ್ಮ ನಾನು ಚಿಕ್ಕೋಳಿದ್ದಾಗಿಂದ ಇದೊಂದು ವಿಷಯಕ್ಕೆ ಸುಳ್ಳು ಹೇಳ್ಕೊಂಡೇ ಬಂದಿದಾಳೆ. ನೀನು ಬಾಯಿ ಬಿಟ್ರೆ ಮನಸ್ಸು ನೋಯಿಸ್ತೀಯ. ಆದ್ರೆ ಸುಳ್ಳು ಹೇಳಲ್ಲ.”

“ಸೇದ್ತಾಳೆ” ಅಂದೆ. “ಎರಡು ವಾರ ಆಗ್ತಾ ಬಂತು.”

ನಿಜವನ್ನೇ ಹೇಳಿದೆ. ಒಂದಕ್ಷರ ಕೂಡ ಸುಳ್ಳಿಲ್ಲ.

ಫೋನಿನಲ್ಲಿ ಕಿರಿಲಿ ಅಳುತ್ತಿದ್ದಳು. “ನಿನ್ನ ಮೊಮ್ಮಗಳಿಗಿಂತ ಅದು ಹೆಚ್ಚಾಯ್ತಲ್ಲಮ್ಮಾ.” ಟ್ರೆಂಟ್ ಸೂಟ್‌ಕೇಸುಗಳನ್ನು ಯೂಟಿನಿಂದ ಇಳಿಸಿ ಕೋಣೆಯಲ್ಲಿಟ್ಟ. ಟೊಪ್ಪಿಯನ್ನೂ ಒಯ್ಯಲಿಲ್ಲ, ಕ್ಷಮಿಸಿ ಅಂದ. ದಿಂಬು ಕಟ್ಟಿದ ಖಾಲಿ ಸೀಟಿನೊಂದಿಗೆ ಹೊರಟುಹೋದ.

ಮಾರ್ಚ್ 2, ಭಾನುವಾರ

ಬೆಳಿಗ್ಗೆ ಬೇಗ ಎದ್ದು ಟವೆಲ್ ಹಾಸಿದೆ. ಅವಳಿಗೆಂದು ಕಟ್ಟಿದೆ. ನನ್ನ ಜೀವನದಲ್ಲೇ ಅಷ್ಟು ಒಳ್ಳೆಯ ಕಾಯಿಲ್ ಕಟ್ಟಿಲ್ಲ. ಹತ್ತಿ ಬೆಣ್ಣೆಯಂತೆ ಜಾರಿತು. ಗುಂಡಿ ಒತ್ತಿ ಎಳೆದೆ, ಹಬೆ ಬಿಟ್ಟೆ, ಕೊಟ್ಟೆ. ಅವಳು ತೆಗೆದುಕೊಳ್ಳಲಿಲ್ಲ.

“ಇವತ್ತು ಹಬೆ ಬಂತು” ಅಂದಳು.

“ಏನು?”

“ಆ ಭಾನುವಾರ ನೀನು ಎಳೆದಾಗ ಬಾಯಿಂದ ಏನೂ ಬರ್ಲಿಲ್ಲ. ಕೈ ಸೊಟ್ಟಗಾಗಿದೆ ಕಣೇ ನಂದು, ಕಣ್ಣಲ್ಲ.”

ಚಿಮಟ ಒರೆಸುತ್ತ ಕೂತೆ. “ಗೊತ್ತಿದ್ದೂ ಯಾಕೆ ಸೇದಿದೆ ಮತ್ತೆ?”

“ಮೊದ್ಲು ಸೇದ್ಲಿಲ್ಲ. ಕಾದೆ. ‘ಹೋಗ್ಬೇಡ ನೊರೀನ್’ ಅಂತ ಒಂದು ಮಾತು ಅಂತೀಯೇನೋ ಅಂತ. ಅಂದಿದ್ರೆ ಹೋಗೋದನ್ನ ತಿಂಗಳು ಮುಂದೆ ಹಾಕ್ತಿದ್ದೆ, ನಿನ್ನನ್ನೂ ಕರ್ಕೊಂಡು ಹೋಗೋಣ ಅಂತಿದ್ದೆ, ಏನೋ ಒಂದು ಮಾಡ್ತಿದ್ದೆ. ನೀನು ಇನ್ನೊಂದೆಳೆ ಹಾಕಿದೆ. ಕಾಯ್ತಾ ಕಾಯ್ತಾ ತಡೀಲಾರ್ದೆ ವ್ಲಾಡೊನ ತಂಬಾಕಿನ ಚೀಲಕ್ಕೆ ಕೈ ಹಾಕಿದೆ. ಅದು ನನ್ನ ತಪ್ಪು. ಹತ್ತಿ ನಿಂದು.”

ಈಗಲಾದರೂ ಅನ್ನಬಹುದಿತ್ತು. ಬಾಯಲ್ಲಿ ನಾಲಿಗೆ ಇತ್ತು, ಮಾತೂ ಗೊತ್ತಿತ್ತು.

“ಟೀ ಕುಡೀತೀಯಾ?” ಅಂದೆ.

ಮಾರ್ಚ್ 12, ಬುಧವಾರ

ಹೋದಳು. ಅಡಿಲೇಡ್‌ಗಲ್ಲ. ಎದುರುಮನೆಗೆ.

ವ್ಲಾಡೊ ಎರಡು ಸೂಟ್‌ಕೇಸುಗಳನ್ನೂ ಎರಡು ಕೈಯಲ್ಲಿ ಹಿಡಿದು ರಸ್ತೆ ದಾಟಿದ. ಅವನ ಹೆಂಡತಿ ತೀರಿಕೊಂಡ ಮೇಲೆ ಪಕ್ಕದ ಕೋಣೆ ಖಾಲಿಯೇ ಇತ್ತಂತೆ. ಬೀದಿಗೆಲ್ಲ ಬಾಯಿತುಂಬ ಮಾತು ಸಿಕ್ಕಿತು. ಮೂಲೆಮನೆಯ ಹೆಂಗಸು ಬೇಲಿಯ ಹತ್ತಿರ ನಿಂತು, “ಈ ವಯಸ್ಸಲ್ಲಿ ಒಂದು ಜೊತೆ ಬೇಕಲ್ವಾ ಪಾಪ” ಅಂದಳು. “ಜೊತೆ ಏನ್ ಬಂತು, ಅವನ ಹತ್ರ ತಂಬಾಕು ಇದೆ” ಅಂದೆ. ನಕ್ಕಳು. ನಾನೂ ನಕ್ಕೆ.

ಫ್ರಿಜ್ ಮೇಲಿನ ವೇಪ್ ಬಿಟ್ಟುಹೋಗಿದ್ದಾಳೆ.

ಏಪ್ರಿಲ್ 6, ಭಾನುವಾರ

ಬಹಳ ದಿನ ಬರೆಯಲಿಲ್ಲ. ಬರೆಯಲು ಏನಿತ್ತು. ಭಾನುವಾರ ಒಂದೇ ಕಾಯಿಲ್ ಕಟ್ಟುತ್ತೇನೆ, ಬೇಗ ಮುಗಿಯುತ್ತದೆ. ರೇಡಿಯೋ ಜೋರಾಗಿಡುತ್ತೇನೆ.

ಹೋದ ವಾರ ಕಸದ ಡಬ್ಬ ಒಳಗೆಳೆಯುವಾಗ ವ್ಲಾಡೊ ಸಿಕ್ಕ. ತನ್ನದೇ ಗೇಟಿನ ಹೊರಗೆ ನಿಂತು, ಕಳ್ಳನ ಹಾಗೆ ಸೇದುತ್ತಿದ್ದ.

“ಏನಪ್ಪಾ, ಮನೆಯಿಂದ ಹೊರಗೆ ಹಾಕಿದ್ಲಾ?”

“ಬಿಟ್ಟಿದಾಳಮ್ಮ ಅವಳು. ಇಲ್ಲಿ ಬಂದ ದಿನದಿಂದ ಒಂದೂ ಮುಟ್ಟಿಲ್ಲ. ಸಿಗರೇಟಿಲ್ಲ, ನಿಮ್ಮ ಆ ಹಬೇನೂ ಇಲ್ಲ. ನಾನೇ ಬೀದಿಗೆ ಬಂದು ಸೇದ್ಬೇಕಾಗಿದೆ. ನನ್ನ ಪರದೆ ಎಲ್ಲ ಒಗೆಸಿದ್ಲು. ರಾಕ್ಷಸಿ.” ಹೇಳುವಾಗ ಹೆಮ್ಮೆ ಇತ್ತು ಮುಖದಲ್ಲಿ.

ನಂಬಲಿಲ್ಲ. ಇಡೀ ವಾರ ಕಿಟಕಿಯಿಂದ ಕಾವಲು ಕಾದೆ. ನಿಜ. ನೊರೀನ್ ವರಾಂಡದಲ್ಲಿ ಕೂರುತ್ತಾಳೆ, ಕೈ ಮಡಿಲಲ್ಲಿ, ಬೆರಳಲ್ಲಿ ಏನೂ ಇಲ್ಲ. ಮೊದಲ ದಿನಗಳಲ್ಲಿ ಕಾಲು ಕುಣಿಸುತ್ತಿದ್ದಳು. ಈಗ ಅದೂ ಇಲ್ಲ.

ನನ್ನ ಕಾಯಿಲ್ ಬೇಕಾಗಿಯೇ ಇರಲಿಲ್ಲ ಅವಳಿಗೆ. ಇಷ್ಟು ವರ್ಷ ನಾನೇನು ಕಟ್ಟಿಕೊಟ್ಟೆ ಹಾಗಾದರೆ?

ಏಪ್ರಿಲ್ 21, ಈಸ್ಟರ್ ಸೋಮವಾರ. ಮಧ್ಯಾಹ್ನ

ಕಿರಿಲಿ ಫೋನ್ ಮಾಡಿದ್ದಳು. ಈಗಷ್ಟೇ ಇಟ್ಟೆ.

“ಚಿಕ್ಕಮ್ಮ, ಹ್ಯಾಪಿ ಈಸ್ಟರ್. ಟಲಿಗೆ ರಾತ್ರಿ ಮಾತ್ರ ನಳಿಗೆ ಈಗ.” ಆಮೇಲೆ ಉಸಿರೆಳೆದುಕೊಂಡಳು. “ಅಮ್ಮ ಬಿಟ್ಟಿದೀನಿ ಅಂತಾಳೆ. ನಂಬೋಕೆ ಹೆದರಿಕೆ ನಂಗೆ. ವ್ಲಾಡೊನ ಕೇಳೋಣ ಅಂದ್ರೆ ಅವರು ಅಮ್ಮನ ಪರ ಮಾತಾಡ್ತಾರೆ. ಅಮ್ಮನೇ ಹೇಳಿದ್ದು, ನಿನ್ನ ಚಿಕ್ಕಮ್ಮ ಲಿಯೋನೀನ ಕೇಳು, ಅವಳು ಇದ್ದದ್ದು ಇದ್ದ ಹಾಗೆ ಹೇಳ್ತಾಳೆ ಅಂತ. ಬಿಟ್ಟಿದ್ರೆ ಶನಿವಾರ ಟ್ರೆಂಟ್ ಬರ್ತಾನೆ. ಹೇಳು ಚಿಕ್ಕಮ್ಮ.”

ಕಿಟಕಿಯಲ್ಲೇ ನಿಂತಿದ್ದೆ. ಎದುರಿಗೆ ನೊರೀನ್ ಕಾಣುತ್ತಿದ್ದಳು. ಕೂದಲು ಬಾಚಿದ್ದಾಳೆ, ನೀಲಿ ಬ್ಲೌಸ್, ಮಡಿಲಲ್ಲಿ ಖಾಲಿ ಕೈ. ಶನಿವಾರ ಆ ವರಾಂಡವೂ ಖಾಲಿಯಾಗುತ್ತದೆ. ಕಿಟಕಿಯಿಂದ ನೋಡಲಿಕ್ಕೂ ಏನೂ ಉಳಿಯುವುದಿಲ್ಲ.

“ಸೇದ್ತಾಳೆ ಕಂದಾ” ಅಂದೆ. “ಈಗ್ಲೂ ಕೈಯಲ್ಲೇ ಇದೆ.”

ಅವಳು ಅಳಲಿಲ್ಲ. “ಥ್ಯಾಂಕ್ಸ್ ಚಿಕ್ಕಮ್ಮ” ಅಂದಳು. ಇನ್ನು ಮುಂದೆ ಈ ವಿಷಯ ಕೇಳುವುದಿಲ್ಲ ಅಂದಳು.

ಬರೆಯಲು ಕೂತೆ. ನೊರೀನ್ ಎದ್ದಳು. ವ್ಲಾಡೊ ಮಾಡಿದ ಈಸ್ಟರ್ ಬ್ರೆಡ್ಡಿನ ತಟ್ಟೆಯನ್ನು ಎರಡು ಮುಂಗೈಗಳ ನಡುವೆ ಅವುಚಿಕೊಂಡು ರಸ್ತೆ ದಾಟುತ್ತಿದ್ದಾಳೆ. ನನ್ನ ಗೇಟಿನತ್ತಲೇ. ನಗುತ್ತಿದ್ದಾಳೆ. ಗೇಟು ತೆಗೆಯಲಾಗದೆ ನನ್ನ ಹೆಸರು ಕೂಗುತ್ತಿದ್ದಾಳೆ. “ಲಿಯೋನೀ, ಕಿರಿಲಿ ಫೋನ್ ಮಾಡಿದ್ಲೇನೇ? ಏನಂದೆ—”

ಬಂದೆ ಅಂತ ಕೂಗಿದೆ. ಹೋಗಬೇಕು. ಏನಂತ ಹೇಳಲಿ ಅವಳಿಗೆ, ನಾನು—