ಜೋಳದ ಗಂಜಿಯ ಮೊಕದ್ದಮೆ

ಸಮಸಂತೆ ಶಕೆ ಅರವತ್ತೊಂದು, ಎರಡನೆಯ ಚೈತ್ರದ ಮೂವತ್ತನಾಲ್ಕನೇ ದಿನ
ದಾವಣಗೆರೆ

ನಮಗಿಂತ ಮೊದಲು ಬಾಳುತ್ತಿರುವ ಹಿರಿಯರಿಗೆ,

ಈ ತಾರೀಖು ನಿಮ್ಮ ಯಾವ ಪಂಚಾಂಗದಲ್ಲೂ ಸಿಗಲಾರದು. ಬೇಸಿಗೆ ಉದ್ದವಾಗುತ್ತ ಹೋದಂತೆ ನಮ್ಮವರು ಚೈತ್ರವನ್ನು ಎರಡು ಮಾಡಿಕೊಂಡರು, ದಿನಗಳನ್ನೂ ಹಿಗ್ಗಿಸಿದರು. ನನ್ನ ಬರವಣಿಗೆಯಲ್ಲಿ ನೀವು ಕೇಳಿರದ ಕೆಲವು ಮಾತುಗಳು ಬಂದಾವು, ಮನ್ನಿಸಬೇಕು. ನಿಮ್ಮ ಕಾಲದ ಕಾಗದಪತ್ರ ಓದುವಾಗ ನಮಗೂ ಹೀಗೆಯೇ ಆಗುತ್ತದೆ.

ನಾನು ಮಧುಮತಿ ಅಣಜಿ, ವಕೀಲೆ. ನಮ್ಮ ಕಾಲದಲ್ಲಿ ಏಳು ದೇಶಗಳು ಗಡಿಸುಂಕ ತೆಗೆದುಹಾಕಿ ಒಂದೇ ಪೇಟೆಯಾಗಿವೆ. ಅದಕ್ಕೆ ಸಮಸಂತೆ ಎನ್ನುತ್ತೇವೆ. ಪ್ಲಾಸ್ಟಿಕ್ ನಿಂತು ಎರಡು ತಲೆಮಾರಾಯಿತು. ಹಾಲಿನ ಚೀಲ, ಔಷಧಿ ಡಬ್ಬಿ, ಮಳೆಯಂಗಿಯ ಲೇಪ ಎಲ್ಲವೂ ಈಗ ಕಾಳಿನಿಂದ ತೆಗೆದ ಗಂಜಿಹಿಟ್ಟಿನಿಂದ ಆಗುತ್ತವೆ. ಮಗ್ಗದ ನೂಲಿಗೆ ಹಾಕುವುದೂ ಅದೇ ಗಂಜಿ. ಗಂಜಿ ಗಿರಣಿ ಇರುವ ಊರುಗಳಲ್ಲಿ ಬೆಳಕು ಹರಿಯುವ ಮೊದಲೇ ಕೆಲಸ ಶುರು. ಬಿಸಿಲೇರಿದರೆ ಬೀದಿಯಲ್ಲಿ ನಾಯಿಯೂ ಕಾಣದು. ಸಂಜೆ ಮತ್ತೆ ಗಿರಣಿಯ ಶಿಳ್ಳೆ ಕೇಳಿದ ಮೇಲೆಯೇ ಅಂಗಡಿಗಳು ಬಾಗಿಲು ತೆರೆಯುತ್ತವೆ. ಇಂಥ ಗಿರಣಿಗಳಿಗೆ ಸಮಸಂತೆಯ ಮಂಡಳಿ ಕೊಡುವ ಸಹಾಯಧನದ ಹೆಸರು ಹದನೆರವು. ಕಾಳನ್ನು ಹದಮಾಡಿ ಸರಕಾಗಿಸುವವರಿಗೆ ಸಿಗುವ ನೆರವು ಎಂದರ್ಥ. ಅದಿಲ್ಲದಿದ್ದರೆ ಹೊರಗಿನಿಂದ ಬರುವ ಅಗ್ಗದ ಗಂಜಿಯೆದುರು ಯಾವ ಗಿರಣಿಯೂ ನಿಲ್ಲಲಾರದು.

ನಾನು ಹೇಳಹೊರಟಿರುವುದು ನೀಲಗಂಗವ್ವ ಹಂಚಿನಾಳ ಅವರ ಸಂಗತಿ. ವಿಜಯಪುರ ಸೀಮೆಯ ಇಂಡಿಯಲ್ಲಿ ಹೆಂಗಸರೇ ಕೂಡಿ ಕಟ್ಟಿದ ಜೋಳದ ಗಂಜಿ ಗಿರಣಿಗೆ ಅವರು ಅಧ್ಯಕ್ಷೆ. ನಮ್ಮ ದಾವಣಗೆರೆಯ ಗಿರಣಿಗಳದು ಮೆಕ್ಕೆಜೋಳ. ಎರಡೂ ಕಾಳಿಗೆ ಹದನೆರವು ಸರಿಸಮನಾಗಿ ಬರುತ್ತಿತ್ತು. ಒಂದು ಆಷಾಢದಲ್ಲಿ ಮಂಡಳಿ ಜೋಳದ ನೆರವನ್ನು ನಿಲ್ಲಿಸಿತು, ಮೆಕ್ಕೆಜೋಳದ್ದನ್ನು ಉಳಿಸಿತು. ಜೋಳದ ಗಂಜಿ ಹೆಚ್ಚಾಗಿ ದನದ ಮೇವಿಗೆ ಹೋಗುತ್ತದೆ, ಆದ್ದರಿಂದ ಎರಡೂ ಬೇರೆ ಬೇರೆ ಸರಕು ಎಂಬುದು ಅವರ ಸಮಜಾಯಿಷಿ. ಇಂಡಿಯ ಗಂಜಿ ತುಟ್ಟಿಯಾಯಿತು. ಮಗ್ಗದವರು ಒಬ್ಬೊಬ್ಬರಾಗಿ ನಮ್ಮ ಕಡೆ ಬಂದರು. ದಾವಣಗೆರೆಗೆ ಸುಗ್ಗಿ, ಇಂಡಿಯಲ್ಲಿ ಯಂತ್ರಗಳು ನಿಂತವು.

ನೀಲಗಂಗವ್ವ ಮೊಕದ್ದಮೆ ಹೂಡುತ್ತಾರೆಂದು ತಿಳಿದು ಮಂಡಳಿಯ ಅಧಿಕಾರಿಯೊಬ್ಬರು ಇಂಡಿಗೇ ಹೋದರಂತೆ. ನಿಮ್ಮ ಗಿರಣಿಯೊಂದಕ್ಕೆ ವಿನಾಯಿತಿ ಕೊಡುತ್ತೇವೆ, ಸುಮ್ಮನಾಗಿ ಎಂದರಂತೆ.

“ಬೀದರದಾಗ, ಸೊಲ್ಲಾಪುರದಾಗ ನಮ್ಮಂಥಾವೇ ಗಿರಣಿ ಅದಾವಲ್ರಿ, ಅವ್ಕೂ ಕೊಡ್ತೀರೇನು?” ಎಂದು ಇವರು ಕೇಳಿದರು.

“ಅದು ಆಗಲ್ಲಮ್ಮ.”

“ಹಂಗಾದ್ರ ಚಹಾ ಕುಡದು ಹೋಗ್ರಿ.”

ಇದನ್ನು ನನಗೆ ಮುಂದೆ ಹೇಳಿದವರು ಅವರ ವಕೀಲೆ ಜೈನಬಿ ಮುಲ್ಲಾ. ಆಗ ನಾನು ಎದುರು ಸಾಲಿನಲ್ಲಿದ್ದೆ. ನಮ್ಮೂರಿನ ದೊಡ್ಡ ಮೆಕ್ಕೆಜೋಳದ ಗಿರಣಿಯ ಯಜಮಾನರು ಹಾಲೇಶಪ್ಪನವರು. ಅವರ ಪರವಾಗಿ, ಮಂಡಳಿ ಮಾಡಿದ್ದು ಸರಿಯೆಂದು ವಾದಿಸಲು ನಾನು ಹೋಗಿದ್ದೆ.

ಸಮಸಂತೆಯ ನ್ಯಾಯಾಲಯ ಇರುವುದು ತ್ರಿಂಕೋಮಲಿಯ ಕಡಲ ದಂಡೆಯ ಮೇಲೆ. ಅಲ್ಲಿ ಪ್ರತಿಯೊಬ್ಬರ ಕಿವಿಗೂ ಒಂದು ಕಿವಿದುಭಾಷಿ ಸಿಕ್ಕಿಸುತ್ತಾರೆ, ಹುಣಸೆಬೀಜದಷ್ಟು ದೊಡ್ಡದು. ಯಾರು ಯಾವ ಭಾಷೆಯಲ್ಲಿ ಮಾತಾಡಿದರೂ ಕೇಳುವವರಿಗೆ ತಮ್ಮ ಭಾಷೆಯಲ್ಲಿ ಕೇಳಿಸುತ್ತದೆ. ಹೀಗಾಗಿ ನೀಲಗಂಗವ್ವನವರಿಗೆ ತಮ್ಮ ನುಡಿಯನ್ನು ಬದಲಿಸುವ ಅಗತ್ಯ ಬೀಳಲಿಲ್ಲ. ಇಳಕಲ್ ಸೀರೆಯ ಸೆರಗು ಹೊದ್ದು ನೆಟ್ಟಗೆ ಕೂತಿದ್ದರು.

ವಾದ ಮುಗಿಯುತ್ತ ಬಂದಾಗ ಮುಖ್ಯ ನ್ಯಾಯಮೂರ್ತಿ ಇಂದ್ರಾಣಿ ವಿಜೇಕೋನ್ ಅವರು ನೇರವಾಗಿ ನೀಲಗಂಗವ್ವನವರನ್ನೇ ಕೇಳಿದರು: “ಸಮಾನತೆ ಎರಡು ದಾರಿಯಲ್ಲಿ ಬರಬಹುದು. ನಿಮಗೂ ಕೊಡಿಸುವುದು ಒಂದು, ಅವರಿಗೂ ನಿಲ್ಲಿಸುವುದು ಇನ್ನೊಂದು. ಮೆಕ್ಕೆಜೋಳದ ನೆರವನ್ನೂ ನಿಲ್ಲಿಸಿದರೆ ನಿಮಗೆ ಒಪ್ಪಿಗೆಯೇ?”

ನಾವು ಅವರ ಅನ್ನಕ್ಕೆ ಅಡ್ಡ ನಿಂತವರು. ಅವರು ಹೂಂ ಎಂದಿದ್ದರೆ ನಮ್ಮ ಗಿರಣಿಯೂ ಮುಚ್ಚುತ್ತಿತ್ತು. ಕಾನೂನಿನ ಪ್ರಕಾರ ಅದರಲ್ಲಿ ತಪ್ಪೇನೂ ಇರಲಿಲ್ಲ. ಪಕ್ಕದಲ್ಲಿ ಹಾಲೇಶಪ್ಪನವರು ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದರು. ಜೈನಬಿ ತಾವೇ ಉತ್ತರಿಸುವೆವೆಂಬಂತೆ ಕೈ ಅಡ್ಡ ಹಿಡಿದರು. ನೀಲಗಂಗವ್ವ ಆ ಕೈಯನ್ನು ಮೆಲ್ಲನೆ ಸರಿಸಿ ಎದ್ದರು.

“ಒಪ್ಪಂಗಿಲ್ರಿ ಅವ್ವಾರ. ದಾವಣಗೇರಿ ಗಿರಣ್ಯಾಗೂ ನಮ್ಮಂಥ ಮಂದೀನ ದುಡೀತಾರ. ಅವರ ಗಂಗಾಳ ಕಸ್ಕೊಂಡ್ರ ನಮ್ಮ ಗಂಗಾಳ ತುಂಬ್ತದೇನ್ರಿ? ಪಂಕ್ತ್ಯಾಗ ನಮಗೂ ಒಂದು ಜಾಗಾ ಕೇಳಾಕ ಬಂದೀವಿ. ಕುಂತವ್ರನ್ನ ಎಬ್ಬಸ್ರಿ ಅಂತ ಬಂದಿಲ್ಲ.”

“ಈ ಮಾತಿನಿಂದ ನಿಮ್ಮ ವಾದಕ್ಕೇ ಪೆಟ್ಟು ಬೀಳಬಹುದು,” ಎಂದು ನ್ಯಾಯಮೂರ್ತಿಗಳು ಎಚ್ಚರಿಸಿದರು.

“ಬೀಳ್ಲಿ ಬಿಡ್ರಿ. ಖರೇ ಹೇಳೀನಿ.”

ಹಾಲೇಶಪ್ಪನವರು ನನ್ನ ಕೋಟಿನ ತೋಳು ಜಗ್ಗಿದರು. “ಮೇಡಮ್, ನಮ್ಮ ಆಕ್ಷೇಪಣೆ ವಾಪಸ್ ತಗಂಡ್ಬಿಡಿ.”

“ಸರ್, ಗೆಲ್ಲೋ ಹೊತ್ತಲ್ಲಿ...”

“ಗೆದ್ದು ಆಯಮ್ಮನ ಮುಖ ಹೆಂಗ್ ನೋಡ್ಲಿ? ನಾನು ಒಂದ್ ಮಾತ್ ಹೇಳ್ಬೇಕು, ಅವಕಾಶ ಕೇಳಿ.”

ಆಕ್ಷೇಪಣೆ ಹಿಂತೆಗೆದುಕೊಂಡು ಅವಕಾಶ ಕೇಳಿದೆ. ಸಿಕ್ಕಿತು. ಅವರು ಎದ್ದುನಿಂತು, ಜೋಳದ ಗಂಜಿ ತುಟ್ಟಿಯಾದ ಮೇಲೆ ಇಂಡಿಯ ಗಿರಾಕಿಗಳೆಲ್ಲ ತಮ್ಮಲ್ಲಿಗೆ ಬಂದದ್ದನ್ನು ಹೇಳಿದರು. “ಅವರು ಒಯ್ದಿದ್ದು ನೂಲಿಗೆ ಹಾಕಾಕೆ, ದನಕ್ಕಲ್ಲ. ಅದರ ಬದಲು ಇದು ನಡೀತದೆ ಅಂದ್ಮೇಲೆ ಎರಡೂ ಒಂದೇ ಸರಕು ಸ್ವಾಮಿ.” ಮಂಡಳಿಯ ವಕೀಲರು ಕಾಗದ ತಿರುವಿಹಾಕಿದರು. ಮೇವಿನ ಮಾತಿಗೆ ಅವರ ಬಳಿ ಒಂದು ಸಾಕ್ಷಿಯೂ ಇರಲಿಲ್ಲ.

ನೆರವು ನಿಂತ ಮರುವರ್ಷದ ಶ್ರಾವಣದಲ್ಲಿ ತೀರ್ಪು ಬಂತು. ಒಂದೇ ಕೆಲಸಕ್ಕೆ ಬರುವ ಎರಡು ಸರಕುಗಳ ನಡುವೆ ಕಾರಣವಿಲ್ಲದೆ ಭೇದ ಮಾಡುವಂತಿಲ್ಲ; ಮಂಡಳಿ ನಿಯಮ ತಿದ್ದಬೇಕು; ತಿದ್ದುವವರೆಗೆ ಇಬ್ಬರಿಗೂ ಮೊದಲಿನಂತೆ ಹದನೆರವು ಸಿಗಬೇಕು. ಬೀದರ, ಸೊಲ್ಲಾಪುರದ ಗಿರಣಿಗಳಿಗೂ ಅದು ಅನ್ವಯಿಸಿತು. ಇಂದು ಕಾನೂನು ಕಲಿಸುವವರು ಇದನ್ನು ‘ಎಬ್ಬಿಸದ ಸಮಾನತೆ’ ಎಂದು ಪಾಠ ಮಾಡುತ್ತಾರೆ. ಆ ಮಾತು ಹುಟ್ಟುವಾಗ ಅಲ್ಲಿದ್ದೆನೆಂಬ ಹೆಮ್ಮೆ, ಎದುರು ಕಡೆಯಿಂದ ಹೋದವಳಾದರೂ, ನನಗಿದೆ. ಅವರಷ್ಟು ನಿರ್ಭಯವಾಗಿ ನ್ಯಾಯ ಕೇಳಿದವರನ್ನು ನಾನು ಆಮೇಲೆ ಕಂಡಿಲ್ಲ.

ಗಿರಣಿ ಮತ್ತೆ ಶುರುವಾದ ದಿನ ಹಾಲೇಶಪ್ಪನವರೂ ನಾನೂ ಇಂಡಿಗೆ ಹೋಗಿದ್ದೆವು. ಹೋಳಿಗೆ ಊಟ ಹಾಕಿದರು. ಗಿರಣಿಯೊಳಗೆ ಅರ್ಧದಷ್ಟು ಯಂತ್ರಗಳ ಮುಂದೆ ಯಾರೂ ಇರಲಿಲ್ಲ. ಬಾಗಿಲು ಮುಚ್ಚಿದ್ದ ಕಾಲದಲ್ಲಿ ದುಡಿಮೆ ಹುಡುಕಿ ಹೋದ ಹೆಂಗಸರಲ್ಲಿ ಬಹಳ ಮಂದಿ ಮರಳಿರಲಿಲ್ಲ. ನಾನು ಅತ್ತ ನೋಡುತ್ತಿದ್ದುದನ್ನು ಕಂಡು ನೀಲಗಂಗವ್ವ ಹೇಳಿದರು: “ಕೋರ್ಟು ನೆರವು ತಿರುಗಿ ಕೊಡಸ್ತು ತಂಗಿ. ಹ್ವಾದ ಮಂದೀನ ಎಲ್ಲಿಂದ ಕೊಡಸ್ಬೇಕು?”

ಹಿರಿಯರೇ, ನಿಮ್ಮ ಕಾಲದಲ್ಲೂ ಪೇಟೆಗಳು ಒಂದಾಗತೊಡಗಿವೆ ಎಂದು ಓದಿದ್ದೇನೆ. ನಿಯಮಗಳ ಮೊದಲ ಸಾಲುಗಳನ್ನು ಬರೆಯುತ್ತಿರುವವರು ನೀವು. ಒಂದು ಕಾಳಿನ ಹೆಸರನ್ನು ಹೊಡೆದುಹಾಕುವ ಮೊದಲು ಆ ಕಾಳನ್ನು ಬೀಸುವವರ ಊರಿಗೆ ಒಮ್ಮೆ ಹೋಗಿಬನ್ನಿ, ಅವರೆದುರು ಕೂತು ಕೇಳಿ. ನಿಮಗೆ ಅದು ಒಂದು ಸಾಲು. ನಾವು ಅದರೊಳಗೆ ಬಾಳಬೇಕು.

ನಿಮ್ಮ ಮುಂದಿನವಳು,
ಮಧುಮತಿ ಅಣಜಿ