ಹನಾನಳ ದನಿ

ನರಿಮೊಗರು

ಪ್ರೀತಿಯ ನವ್ಯಾ,

ಮಗಳು ಹನಾನ್ ತೀರಿಹೋದ ಮೇಲೆ ಅವಳ ಫೋನನ್ನು ನಾನೇ ಇಟ್ಟುಕೊಂಡಿದ್ದೆ. ಕಳೆದ ಸೋಮವಾರ ಕಡಬದ ಬಸ್ಸಿನಲ್ಲಿ ಯಾರೋ ಅದನ್ನು ಕದ್ದರು. ನನಗೆ ಲಾಕ್ ತೆಗೆಯಲು ಬರುವುದಿಲ್ಲವೆಂದು ಅದಕ್ಕೆ ಲಾಕೇ ಹಾಕಿರಲಿಲ್ಲ.

"ಇಲ್ಲಿಂದಲೇ ಎಲ್ಲ ಅಳಿಸ್ಬಹುದು ಅಕ್ಕ. ಆದ್ರೆ ಮತ್ತೆ ಎಂತದೂ ಸಿಗುದಿಲ್ಲ" ಎಂದ, ಮೊಬೈಲ್ ಅಂಗಡಿಯ ನಿಯಾಝ್.

ಅವಳ ಫೋಟೋಗಳು ಕಂಡವರ ಕೈಗೆ ಸಿಗುವುದು ಬೇಡವೆಂದು "ಅಳಿಸು" ಎಂದೆ. ಅವಳು ನಿನಗೆ ಕಳಿಸಿದ ವಾಯ್ಸ್ ಮೆಸೇಜುಗಳೂ ಅದರಲ್ಲೇ ಇದ್ದವು. ದಿನಾ ಕೇಳುತ್ತಿದ್ದೆ.

ನಿನ್ನ ನಂಬರೂ ಹೋಯಿತು, ಅದಕ್ಕೇ ಈ ಕಾಗದ. ನಿನ್ನಲ್ಲಿ ಒಂದಾದರೂ ಉಳಿದಿದ್ದರೆ ನಿಯಾಝನಿಗೆ ಕಳಿಸು. ಅವನ ನಂಬರು ಹಾಳೆಯ ಹಿಂದೆ ಬರೆದಿದ್ದೇನೆ. ಅವಳು ನನ್ನನ್ನು ಬೈದದ್ದಾದರೂ ಆಗುತ್ತದೆ.

ನಿನ್ನ ಗೆಳತಿಯ ಉಮ್ಮ,
ಫರ್ಝಾನಾ