ಒಂಬತ್ತು ಕಡ್ಡಿ, ಒಂದು ಕತ್ತರಿ

ಮಾರ್ಚ್ ೪, ಬೆಳಿಗ್ಗೆ
ಆಸ್ಪತ್ರೆಯಲ್ಲಿ ಮತ್ತೆ ಅದೇ ಕೈ ಪರೀಕ್ಷೆ. ಒಂಬತ್ತು ತೂತು, ಒಂಬತ್ತು ಕಡ್ಡಿ. ಹಾಕು, ತೆಗೆ. ಬಲಗೈ ಇಪ್ಪತ್ತೆರಡು ಸೆಕೆಂಡು, ಎಡಗೈ ಇಪ್ಪತ್ತಾರು. ಅಳತೆ ಮೇಡಂ — ನಾನಿಟ್ಟ ಹೆಸರು — ಸ್ಟಾಪ್‌ವಾಚ್ ಒತ್ತಿ “ಸೂಪರ್ ಸರ್” ಎಂದಳು. ಪಾರ್ಕಿನ್ಸನ್‌ಗೆ ತಲೆ ಕೊರೆದು ತಂತಿ ಇಳಿಸಿ ಮೂರು ತಿಂಗಳು. ಎದೆಯ ಚರ್ಮದಡಿ ಬ್ಯಾಟರಿ. ನಡುಕ ನಿಂತಿದೆ, ಸುಳ್ಳು ಹೇಳಬಾರದು.
ಅಂಗಡಿಗೆ ಯಾವಾಗ ಹೋಗಬಹುದು ಎಂದು ಕೇಳಿದೆ. “ರಿಪೋರ್ಟ್ ನೋಡಿ ಡಾಕ್ಟರ್ ಹೇಳ್ತಾರೆ.”
ಮೂವತ್ತೊಂದು ವರ್ಷ ಊರಿನ ತಲೆಗಳೆಲ್ಲ ನನ್ನ ಕೈಯಲ್ಲಿದ್ದವು. ಈಗ ನನ್ನ ಕೈ ಯಾರದೋ ಹಾಳೆಯಲ್ಲಿದೆ.

ಮಾರ್ಚ್ ೫
ಚಪ್ಪಲಿ ಡಬ್ಬಿಗೆ ಒಂಬತ್ತು ತೂತು ಕೊರೆದೆ. ಬೆಂಕಿಕಡ್ಡಿ ಹಾಕಿ ತೆಗೆದು ಅಭ್ಯಾಸ. ಹೆಂಡತಿ ನಕ್ಕಳು. “ಪರೀಕ್ಷೆಗೆ ಉರು ಹೊಡೀತಿದೀರಾ?”
ನಗಲಿ. ಸಲೂನಿನಲ್ಲಿ ನನ್ನ ಕುರ್ಚಿಯ ಹಿಂದೆ ಈಗ ತಮ್ಮ ನಿಂತಿದ್ದಾನೆ. ರಿಪೋರ್ಟ್ ಚೆನ್ನಾಗಿ ಬರಲೇಬೇಕು.

ಮಾರ್ಚ್ ೨೦
ಬಲ ಹದಿನೇಳು. ಎಡ ಹತ್ತೊಂಬತ್ತು. ಡಾಕ್ಟರ್ ಹಾಳೆ ನೋಡಿದರು, ನನ್ನನ್ನಲ್ಲ. “ಬ್ಯಾಟರಿ ಸೆಟ್ಟಿಂಗ್ ಮುಟ್ಟೋದೇ ಬೇಡ. ಕೆಲಸಕ್ಕೆ ಹೋಗಿ. ಆರು ತಿಂಗಳು ಬಿಟ್ಟು ಬನ್ನಿ.”
ಹಿಗ್ಗಿ ಹೀರೇಕಾಯಿಯಾದೆ.

ಮಾರ್ಚ್ ೨೧, ಮಧ್ಯಾಹ್ನ
ಮೊದಲ ಗಿರಾಕಿ ರಿಟೈರಾದ ಪೋಸ್ಟ್‌ಮ್ಯಾನ್. ಇಪ್ಪತ್ತು ವರ್ಷದಿಂದ ನನಗೇ ಕಾದು ಕೂರುವವರು. ಎಡಗೈ ಬಾಚಣಿಗೆ ಕೂದಲೆತ್ತಬೇಕು, ಬಲಗೈ ಕತ್ತರಿ ಅದರ ಹಿಂದೆಯೇ ಓಡಬೇಕು. ಕತ್ತರಿ ಓಡಿದರೆ ಬಾಚಣಿಗೆ ನಿಂತಿತು. ಬಾಚಣಿಗೆ ಎತ್ತಿದರೆ ಕತ್ತರಿ ನಿಂತಿತು. ಆಮೇಲೆ… ಕಿವಿಯ ತುದಿ. ಒಂದು ಹನಿ ರಕ್ತ.
“ಏನಾಗಲ್ಲ ಬಿಡಿ” ಎಂದರು ಅವರು. ತಮ್ಮ ನನ್ನ ಕೈಯಿಂದ ಕತ್ತರಿ ತೆಗೆದುಕೊಂಡ. “ಅಣ್ಣ, ನೀನು ಸ್ವಲ್ಪ ಕೂತ್ಕೋ.”
ಕೂತೆ. ಗಿರಾಕಿಗಳ ಬೆಂಚಿನ ಮೇಲೆ.

ಅದೇ ದಿನ, ಸಂಜೆ
ಮೈಯೆಲ್ಲ ಉರಿಯುತ್ತಿದೆ. ಬಲಗೈ ಬೇರೆ ಅಳೆದರು, ಎಡಗೈ ಬೇರೆ ಅಳೆದರು. ಎರಡನ್ನೂ ಒಟ್ಟಿಗೆ ನೋಡಬೇಕೆಂದು ಇಷ್ಟು ಓದಿದವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ? ಕೆಲಸಕ್ಕೆ ಹೋಗಿ ಅಂದರು. ಯಾವ ಕೆಲಸ ಎಂದು ಕೇಳಿದರೇ? ಬೆಂಕಿಪೊಟ್ಟಣ ತುಂಬುವವನು ಅಂದುಕೊಂಡಿರಬೇಕು.
ಹೆಂಡತಿ ಅಂದಳು, “ಎರಡು ಕೈ ಸೇರಿದ್ರೆ ತಾನೆ ಚಪ್ಪಾಳೆ. ನಿಮ್ಮ ಸಿಟ್ಟು ಸರಿ. ಆದ್ರೆ ಮನೇಲಿ ಉರು ಹೊಡೆದದ್ದು ಅವರಿಗೆ ಹೇಳಿದ್ರಾ?”
ಹೇಳಿರಲಿಲ್ಲ. ಅವರ ಮೇಲಿನ ಸಿಟ್ಟು ಇಳಿಯಲಿಲ್ಲ. ನನ್ನ ಮೇಲೂ ಒಂದಷ್ಟು ಬಂತು.

ಮಾರ್ಚ್ ೨೫
ಆಸ್ಪತ್ರೆ ಗೇಟು. ಕೈ ಎಲ್ಲಿ ನಿಲ್ಲುತ್ತದೆಂದು ತೋರಿಸಲು ಕತ್ತರಿ, ಬಾಚಣಿಗೆ ತಂದಿದ್ದೆ. ಸೆಕ್ಯೂರಿಟಿಯವನು ಚೀಲದಿಂದ ಕತ್ತರಿ ಎತ್ತಿದ. “ಇದನ್ನ ಒಳಗೆ ಬಿಡಲ್ಲ.”
“ತಲೆ ಕೊರೆಯೋ ಡ್ರಿಲ್ ಒಳಗಿರಬಹುದು, ಕೂದಲು ಕತ್ತರಿಸೋದು ಇರಬಾರದಾ?”
ನನ್ನ ದನಿ ಕೇಳಿ ಅಳತೆ ಮೇಡಂ ಬಂದಳು. ಎಲ್ಲ ಹೇಳಿದೆ, ಬೆಂಕಿಕಡ್ಡಿಯದ್ದೂ. ಬೈಯಲಿಲ್ಲ. ಕತ್ತರಿಯನ್ನು ತಾನೇ ಒಳಗೆ ತಂದಳು. ಜಡೆ ಬಿಚ್ಚಿ ಸ್ಟೂಲಿನ ಮೇಲೆ ಬೆನ್ನು ತಿರುಗಿಸಿ ಕೂತಳು. “ತುದಿ ಕತ್ತರಿಸಿ ಸರ್. ವಿಡಿಯೋ ಆನ್ ಮಾಡಿದೀನಿ.”
ಒಂದು ನಿಮಿಷ. ಏಳು ಸಲ ಕೈ ನಿಂತಿತು. ಪಾಪ, ಅವಳ ಕೂದಲು ಓರೆಯಾಯಿತು.
ಡಾಕ್ಟರ್ ವಿಡಿಯೋ ಎರಡು ಸಲ ನೋಡಿದರು. “ಏನು ಕೆಲಸ ನಿಮ್ದು?” ಎಂದರು. ಈಗ ಕೇಳುತ್ತಾರೆ, ಮಹಾನುಭಾವರು. ಸೆಟ್ಟಿಂಗ್ ಬದಲಾಯಿಸಿದರು.

ಏಪ್ರಿಲ್ ೧೮
ಸೆಟ್ಟಿಂಗ್ ಮೂರು ಸಲ ಬದಲಾಯಿತು. ನಿಮಿಷಕ್ಕೆ ಏಳು ಸಲ ಕೈ ನಿಲ್ಲುತ್ತಿದ್ದದ್ದು ಐದಾಯಿತು, ಐದು ಎರಡಾಯಿತು. ಎರಡಕ್ಕೇ ನಿಂತಿದೆ. ಈ ಸಲ ಯಾರೂ “ಸೂಪರ್” ಅನ್ನಲಿಲ್ಲ. ಅಷ್ಟಾದರೂ ಕಲಿತರು.

ಏಪ್ರಿಲ್ ೨೦, ಬೆಳಿಗ್ಗೆ ಹತ್ತು
ಅಂಗಡಿ. ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಪೋಸ್ಟ್‌ಮ್ಯಾನ್ ಬಂದರು. ತಮ್ಮ ಕುರ್ಚಿ ಒರೆಸಿ ತಿರುಗಿಸಿದ. ಅವರು ಕೂತು, ಕನ್ನಡಿಯಲ್ಲಿ ನನ್ನನ್ನೇ ನೋಡಿದರು. “ನೀವು ಬರೆದು ಮುಗಿಸಿ. ನಾನು ಕಾಯ್ತೀನಿ.”
ಕೈ ಇನ್ನೂ ಎರಡು ಸಲ ನಿಲ್ಲುತ್ತದೆ ಎಂದೆ.
“ನಿಂತಾಗ ನಾನೂ ಅಲ್ಲಾಡದೆ ಕೂರ್ತೀನಿ, ಬನ್ನಿ.”
ತಮ್ಮ ಕತ್ತರಿಯನ್ನು ಕನ್ನಡಿಯ ಮುಂದಿಟ್ಟು ಪಕ್ಕಕ್ಕೆ ಸರಿದಿದ್ದಾನೆ. ಅವರು ಕುತ್ತಿಗೆಗೆ ಬಟ್ಟೆ ತಾವೇ ಕಟ್ಟಿಕೊಂಡಿದ್ದಾರೆ. ತಪ್ಪು ಗಂಟು. ಹೀಗೆ ಕಟ್ಟಿದರೆ ಕೂದಲೆಲ್ಲ ಅಂಗಿಯೊಳಗೆ. ಬಿಚ್ಚಿ ಮತ್ತೆ ಕಟ್ಟಬೇಕು… ಪೆನ್ನು ಹಿಡಿದು ಆಗುವುದಿಲ್ಲ, ಎರಡೂ ಕೈ —